ಹೊಸ ಕ್ರೈಸ್ತ ಸಭೆ (ಚರ್ಚ್) ಕಟ್ಟುವ ಕರೆ ದೇವರಿಂದ ಬಂದಿದೆಯೇ? ಬೋರ್ಡ್ ಬರೆಸುವ ಮುಂಚೆ ಮಾಡಬೇಕಾದ ಕೆಲಸಗಳು, ಒಂದೊಂದಾಗಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ತರುಣ ಸೇವಕರು ನನಗೆ ಆಗಾಗ ಫೋನ್ ಮಾಡುತ್ತಾರೆ. ಮಾತು ಶುರುವಾಗುವುದು ಹೆಚ್ಚುಕಡಿಮೆ ಒಂದೇ ಥರ. "ಅಣ್ಣಾರ, ಹಾಲ್ ಹಿಡದೀನ್ರಿ, ಮೈಕ್ ತಂದೀನ್ರಿ, ಬೋರ್ಡೂ ಬರೆಸೀನ್ರಿ. ಎಂಟು ತಿಂಗಳಾತು, ನಮ್ಮ ಮನಿಯವರನ್ನ ಬಿಟ್ರ ಯಾರೂ ಬರವಲ್ರು."

ಇವರಿಗೆ ದೇವರಿಂದ ಬಂದ ಕರೆ ಸುಳ್ಳಲ್ಲ. ರಾತ್ರಿಯೆಲ್ಲ ಮೊಣಕಾಲೂರಿ ಪ್ರಾರ್ಥಿಸಿದವರು ಇವರು. ಕ್ರಮ ತಪ್ಪಿದೆ, ಅಷ್ಟೇ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿದ್ದಾರೆ. ನಾನೂ ಮೊದಲ ಸಲ ಹಾಗೇ ಮಾಡಿ ಹದಿಮೂರು ತಿಂಗಳಿಗೆ ಹಾಲ್‌ಗೆ ಬೀಗ ಹಾಕಿದವನು. ಆ ಬೀಗದ ಕೈ ಮಾಲೀಕರಿಗೆ ಕೊಟ್ಟು ಬಂದ ಸಂಜೆ ನನ್ನ ಹೆಂಡತಿ ಒಂದು ಮಾತೂ ಆಡಲಿಲ್ಲ. ಇನ್ನೊಬ್ಬರ ಮನೆಯಲ್ಲಿ ಅಂಥ ಸಂಜೆ ಬರಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ನೀವು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಒಳಗಿದ್ದರೆ ಹೊಸ ಸಭೆಯ ದಾರಿ ಧಾರವಾಡದ ಸಭಾಪ್ರಾಂತದ (ಬಿಷಪ್ ಆಡಳಿತದ) ಕಚೇರಿಯಿಂದಲೇ ಹೋಗುತ್ತದೆ. ಅಲ್ಲಿನ ನಿಯಮ ಮೊದಲು. ಸ್ವತಂತ್ರ ಸಭೆಯವರಿಗೆ ಕೆಳಗಿನ ಹಂತಗಳು ಪೂರ್ತಿ ಬೇಕಾಗುತ್ತವೆ.

## ಕೈಯಲ್ಲಿ ಇರಬೇಕಾದದ್ದು

ಒಂದು ಉದ್ದನೆಯ ಲೆಕ್ಕದ ಪುಸ್ತಕ. ಒಂದು ರಸೀದಿ ಪುಸ್ತಕ. ಬೀಗ ಹಾಕುವ ಕಾಣಿಕೆ ಡಬ್ಬಿ. ಐದಾರು ಸತ್ಯವೇದ (ಬೈಬಲ್), ಅದರಲ್ಲಿ ಒಂದಾದರೂ ದಪ್ಪ ಅಕ್ಷರದ್ದು, ವಯಸ್ಸಾದವರಿಗೆ. ಎರಡು ಚಾಪೆ, ಒಂದು ಡೋಲಕ್, ಒಂದು ಜೋಡಿ ತಾಳ. ಮೊದಲ ವರ್ಷಕ್ಕೆ ಇಷ್ಟು ಸಾಕು. ಮೈಕ್, ಕೀಬೋರ್ಡ್, ಬ್ಯಾನರ್ ಈ ಪಟ್ಟಿಯಲ್ಲಿ ಇಲ್ಲ. ಮರೆತು ಬಿಟ್ಟದ್ದಲ್ಲ.

## ಹಂತ 1: ಕರೆಯನ್ನು ಒಬ್ಬರೇ ತೀರ್ಮಾನಿಸಬೇಡಿ

ಅಪೊಸ್ತಲರ ಕೃತ್ಯಗಳು 13ನೇ ಅಧ್ಯಾಯ ತೆಗೆದು ನಿಧಾನಕ್ಕೆ ಓದಿ. ಅಂತಿಯೋಕ್ಯದಲ್ಲಿ ಕರೆ ಇದ್ದದ್ದು ಬಾರ್ನಬ ಮತ್ತು ಸೌಲನಿಗೆ (ಮುಂದೆ ಪೌಲ ಎನಿಸಿಕೊಂಡವನು ಇವನೇ). ಆದರೆ ಉಪವಾಸ ಮಾಡಿ, ಪ್ರಾರ್ಥಿಸಿ, ಕೈಯಿಟ್ಟು ಕಳಿಸಿಕೊಟ್ಟವರು ಅಲ್ಲಿದ್ದ ಸಭೆಯವರು. ಸೌಲನಂಥವನೇ ತನ್ನಷ್ಟಕ್ಕೆ ತಾನು ಹೊರಟು ಹೋಗಲಿಲ್ಲ.

ಆದ್ದರಿಂದ ಮೂರು ಜನರನ್ನು ಕೇಳಿ, ಇದೇ ಕ್ರಮದಲ್ಲಿ.

ಮೊದಲು ಹೆಂಡತಿ ಅಥವಾ ಗಂಡ. "ನೀವು ಹ್ಞೂಂ ಅಂದ್ರ ನಾನೂ ಹ್ಞೂಂ" ಎನ್ನುವುದು ಒಪ್ಪಿಗೆ ಅಲ್ಲ. ಮನೆಯಲ್ಲಿ ವಾರಕ್ಕೆ ಮೂರು ದಿನ ಯಾರಾದರೂ ಬಂದು ಕೂರುತ್ತಾರೆ, ಮಕ್ಕಳ ಓದಿಗೆ ತೊಂದರೆ ಆಗುತ್ತದೆ, ಸಂಬಳ ಕಡಿಮೆ ಆಗಬಹುದು. ಇಷ್ಟನ್ನೂ ಬಿಡಿಸಿ ಹೇಳಿ ಕೇಳಿ. ಒಂದು ತಿಂಗಳು ಸಮಯ ಕೊಡಿ.

ಎರಡನೆಯವರು ನಿಮ್ಮ ಈಗಿನ ಪಾಸ್ಟರ್. ಅವರಿಗೆ ಹೇಳದೆ ಶುರು ಮಾಡಿದ ಕೆಲಸಕ್ಕೆ ಮುಂದೆ ಬೆನ್ನು ಕಾಯುವವರು ಇರುವುದಿಲ್ಲ.

ಮೂರನೆಯವರು ಸಭೆಯ ಹೊರಗಿನವರು. ನಿಮಗೆ ಉದ್ರಿ ಕೊಡುವ ಕಿರಾಣಿ ಅಂಗಡಿಯವರು, ಇಲ್ಲವೇ ಕೆಲಸದ ಕಡೆಯ ಸೂಪರ್‌ವೈಸರ್. ಸಭೆಯ ಹಿರಿಯನಾಗುವವನಿಗೆ ಹೊರಗಿನವರಿಂದಲೂ ಒಳ್ಳೇ ಹೆಸರು ಇರಬೇಕು ಎನ್ನುತ್ತದೆ 1 ತಿಮೊಥೆಯ 3:7. ನಿಮ್ಮ ಮಾತಿನ ಮೇಲೆ ಅಂಗಡಿಯವರಿಗೆ ನಂಬಿಕೆ ಇಲ್ಲದಿದ್ದರೆ, ಅದೇ ಓಣಿಯ ಜನ ನಿಮ್ಮ ಪ್ರಸಂಗವನ್ನು ಹೇಗೆ ನಂಬುತ್ತಾರೆ?

ಇಲ್ಲಿ ಆಗುವ ತಪ್ಪು: ಸಿಟ್ಟನ್ನು ಕರೆ ಎಂದುಕೊಳ್ಳುವುದು. "ಅಲ್ಲಿ ನನಗೆ ಪ್ರಸಂಗಕ್ಕೆ ಅವಕಾಶ ಕೊಡಲಿಲ್ಲ" ಎನ್ನುವುದು ನಿಮ್ಮ ಕಾರಣಗಳಲ್ಲಿ ಒಂದಾಗಿದ್ದರೆ ಒಂದು ವರ್ಷ ತಡೆಯಿರಿ. ನಿಜವಾದ ಕರೆ ಒಂದು ವರ್ಷಕ್ಕೆ ಆರಿಹೋಗುವುದಿಲ್ಲ.

ಎಚ್ಚರಿಕೆಯ ಗುರುತು: ಹೊಸ ಸಭೆಗೆ ಬರುವ ಮೊದಲ ಹತ್ತು ಜನರ ಹೆಸರು ಒಂದು ಹಾಳೆಯಲ್ಲಿ ಬರೆಯಿರಿ. ಏಳು ಹೆಸರು ನಿಮ್ಮ ಈಗಿನ ಸಭೆಯವರೇ ಆಗಿದ್ದರೆ ನೀವು ಕಟ್ಟುತ್ತಿಲ್ಲ, ಒಡೆಯುತ್ತಿದ್ದೀರಿ. ಬೇರೆಯವರು ಹಾಕಿದ ಅಸ್ತಿವಾರದ ಮೇಲೆ ಕಟ್ಟಲು ನನಗೆ ಇಷ್ಟವಿಲ್ಲ ಎಂದ ಪೌಲನ ಮಾತು (ರೋಮಾಪುರದವರಿಗೆ 15:20) ನೆನಪಿರಲಿ.

ಎಲ್ಲರೂ ಒಪ್ಪಿದ ಮೇಲೆ ಕಳಿಸುವ ಸಭೆಯಿಂದ ಒಂದು ಪತ್ರ ಬರೆಸಿಕೊಳ್ಳಿ. ಯಾರಿಗೆ ಲೆಕ್ಕ ಒಪ್ಪಿಸಬೇಕು, ಎಷ್ಟು ವರ್ಷ ಸಹಾಯ, ನಿಮಗೆ ಪಾಸ್ಟರ್ ದೀಕ್ಷೆ ಆಗುವವರೆಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಮತ್ತು ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ) ನಡೆಸುವವರು ಯಾರು. ಒಂದು ಪುಟ ಸಾಕು. ಈ ಪತ್ರ ಮುಂದೆ ಎಷ್ಟು ಕಡೆ ಕೆಲಸಕ್ಕೆ ಬರುತ್ತದೆ ಎಂದು ಓದುತ್ತಾ ಹೋದಂತೆ ಗೊತ್ತಾಗುತ್ತದೆ.

## ಹಂತ 2: ಮನೆಯ ಲೆಕ್ಕ ಹಾಕಿ, ಕೆಲಸ ಬಿಡಬೇಡಿ

ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುತ್ತಾನೆ ಎಂದು ಯೇಸು ಸ್ವಾಮಿ ಹೇಳಿದ್ದು ಲೂಕ 14ರಲ್ಲಿದೆ. ನೀವೂ ಕೂತು ಬರೆಯಿರಿ. ಬಾಡಿಗೆ, ಶಾಲೆಯ ಫೀ, ಗ್ಯಾಸ್, ಬೈಕಿನ ಪೆಟ್ರೋಲ್, ಚೀಟಿ ಕಂತು, ಸಂಘದ ಸಾಲ. ಸಾಲ ಇದ್ದರೆ ಮೊದಲು ತೀರಿಸಿ. ಸಾಲ ಇರುವ ಪಾಸ್ಟರ್ ಮುಂದೆ ಕಾಣಿಕೆ ಡಬ್ಬಿ ಇಡುವುದು ಅವರಿಗೂ ಕಷ್ಟ, ಸಭೆಗೂ ಕಷ್ಟ.

ತಾರಿಹಾಳದ ಫ್ಯಾಕ್ಟರಿಯಲ್ಲೋ ರೈಲ್ವೆ ವರ್ಕ್‌ಶಾಪಿನಲ್ಲೋ ಕೆಲಸ ಇದ್ದರೆ ಮೊದಲ ಎರಡು ವರ್ಷ ಬಿಡಬೇಡಿ. ಪೌಲನೂ ಕೊರಿಂಥದಲ್ಲಿ ಗುಡಾರ ಮಾಡುವ ಕಸುಬು ಮಾಡಿಕೊಂಡೇ ಸೇವೆ ಮಾಡಿದ. ಇನ್ನೊಂದು ಲಾಭವೂ ಇದೆ. "ನಿಮ್ಮ ಹೊಟ್ಟಿ ಹೆಂಗ ತುಂಬತೈತ್ರಿ?" ಎಂದು ಓಣಿಯವರು ಖಂಡಿತ ಕೇಳುತ್ತಾರೆ. ಅವರಿಗೆ ನೇರ ಉತ್ತರ ಸಿಗುತ್ತದೆ.

## ಹಂತ 3: ಜಾಗ ಆರಿಸಿ, ಆರು ತಿಂಗಳು ಸುಮ್ನೆ ಬದುಕಿ

ಇದೇ ಜನ ಹೆಚ್ಚು ಬಿಟ್ಟುಬಿಡುವ ಹಂತ. ಆರು ತಿಂಗಳು ಪ್ರಸಂಗ ಇಲ್ಲ, ಕರಪತ್ರ ಇಲ್ಲ. ಆ ಓಣಿಯಲ್ಲಿ ಮನೆ ಮಾಡಿ, ನೋಡಿ, ಕೇಳಿ, ಬರೆದುಕೊಳ್ಳಿ.

ಏನು ಬರೆದುಕೊಳ್ಳಬೇಕು? ಮೊದಲು, ಮನೆಯೊಳಗಿನ ಮಾತು ಯಾವುದು. ತಾಂಡಾದಲ್ಲಿ ಲಂಬಾಣಿ, ಹಳೇ ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಉರ್ದು, ರೈಲ್ವೆಯವರಲ್ಲಿ ತೆಲುಗು ಅಥವಾ ತಮಿಳು. ಹೊರಗೆ ಎಲ್ಲರೂ ಕನ್ನಡ ಆಡುತ್ತಾರೆ. ಆದರೆ ದುಃಖ ಬಂದಾಗ ಅಳುವುದು ಮನೆಯ ಮಾತಿನಲ್ಲೇ ಅಲ್ವಾ?

ಎರಡನೆಯದು, ಜನ ಯಾವಾಗ ಮನೆಯಲ್ಲಿರುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯ ತಿಂಗಳುಗಳಲ್ಲಿ ಹೆಣ್ಣುಮಕ್ಕಳು ತೊಟ್ಟು ಬಿಡಿಸುವ ಕೆಲಸಕ್ಕೆ ಬೆಳಿಗ್ಗೆಯೇ ಹೋಗುತ್ತಾರೆ. ಗದಗ, ಹಾವೇರಿಯ ತಾಂಡಾಗಳಿಂದ ಎಷ್ಟೋ ಕುಟುಂಬ ಗೋವಾಕ್ಕೆ ದುಡಿಯಲು ಹೋಗಿ ಹಬ್ಬಕ್ಕೆ ಮಾತ್ರ ಬರುತ್ತವೆ. ಬಿತ್ತನೆ ಹೊತ್ತಿನ ಜೂನ್‌ನಲ್ಲಿ ಹಳ್ಳಿಯಲ್ಲಿ ಕೂಟ ಶುರು ಮಾಡಿದರೆ ಚಾಪೆ ಖಾಲಿ. ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ಇನ್ನೂ ಒಂದು ದೊಡ್ಡ ವಿಷಯ ನಲ್ಲಿಗೆ ನೀರು ಬರುವ ದಿನ. ನಾಲ್ಕಾರು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಆ ಹೊತ್ತಿಗೆ ಯಾವ ಅಕ್ಕನೂ ಪ್ರಾರ್ಥನೆಗೆ ಬರುವುದಿಲ್ಲ, ಬರಬೇಕು ಅಂತ ಹೇಳಲೂಬಾರದು. ನೀರಿನ ದಿನ ಕೇಳಿಕೊಂಡು ಕೂಟದ ದಿನ ಇಡಿ.

ಮೂರನೆಯದು, ಅಲ್ಲಿ ಈಗಾಗಲೇ ಯಾವ ಸಭೆಗಳಿವೆ. "ಇಲ್ಲಿ ದೇವರ ಕೆಲಸವೇ ಇಲ್ಲ" ಎಂದು ಹೇಳುವ ಮುಂಚೆ ಸುತ್ತಾಡಿ ನೋಡಿ. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ 1840ರ ಆಸುಪಾಸಿನಿಂದ ಸಭೆಗಳಿವೆ. ಅಲ್ಲಿನ ಪಾಲಕರ ಮನೆಗೆ ಹೋಗಿ ಚಹಾ ಕುಡಿದು, ಪತ್ರ ತೋರಿಸಿ, ನಿಮ್ಮ ಮನಸ್ಸಿನಲ್ಲಿ ಇರುವುದನ್ನು ಹೇಳಿ. ಕೆಲವರು ಮುಖ ಸಿಂಡರಿಸಬಹುದು. ಆದರೂ ಹೋಗಿ ಹೇಳಿದವರು ನೀವು ಎನ್ನುವುದು ಅವರ ನೆನಪಿನಲ್ಲಿ ಉಳಿಯುತ್ತದೆ.

## ಹಂತ 4: ಒಂದು ಮನೆ, ಒಂದು ಚಾಪೆ, ಒಂದು ತಾಸು

ಮೊದಲ ಕೂಟ ನಿಮ್ಮ ಮನೆಯಲ್ಲಿ ಬೇಡ. ಫಿಲಿಪ್ಪಿಯಲ್ಲಿ ಪೌಲನಿಗೆ ಬಾಗಿಲು ತೆರೆದವಳು ಆ ಊರಲ್ಲೇ ವ್ಯಾಪಾರ ಮಾಡಿಕೊಂಡಿದ್ದ ಲುದ್ಯಳು. ನಿಮ್ಮ ಓಣಿಯಲ್ಲೂ ನಾಲ್ಕು ಜನ ಮಾತು ಕೇಳುವ ಒಂದು ಮನೆ ಇರುತ್ತದೆ. ಅವರಾಗಿ ಕರೆಯುವವರೆಗೆ ಕಾಯಿರಿ. ಬಾಡಿಗೆ ಮನೆಯಾಗಿದ್ದರೆ ಮಾಲೀಕರಿಗೆ ಮುಂಚೆಯೇ ತಿಳಿಸಿ.

ಒಂದು ತಾಸಿನ ಕ್ರಮ ಹೀಗಿರಲಿ: ಎರಡು ಹಾಡು, ಒಂದು ಸಣ್ಣ ಭಾಗ ಓದುವುದು, ಹದಿನೈದು ನಿಮಿಷ ಮಾತು, ಪ್ರಶ್ನೆಗೆ ಸಮಯ, ಒಬ್ಬೊಬ್ಬರ ಕಷ್ಟ ಕೇಳಿ ಪ್ರಾರ್ಥನೆ. ಹೇಳಿದ ಹೊತ್ತಿಗೆ ಮುಗಿಸಿ. ರೊಟ್ಟಿ ಬಡಿಯುವ ಹೊತ್ತಿಗೆ ಹೆಣ್ಣುಮಕ್ಕಳು ಮನೆ ಸೇರಬೇಕು. ತಡವಾದರೆ ಅವರ ಮನೆಯ ಸಿಟ್ಟು ನಿಮ್ಮ ಮೇಲಲ್ಲ, ಅವರ ಮೇಲೆ ಬೀಳುತ್ತದೆ.

ತಿಂಡಿ ಬೇಡ, ಬರೀ ನೀರು ಕೊಡಿ ಎಂದು ಮನೆಯವರಿಗೆ ಮೊದಲೇ ಹೇಳಿ. ಮೊದಲ ಮನೆಯಲ್ಲಿ ಗಿರಮಿಟ್ಟು, ಮಿರ್ಚಿ ಮಾಡಿದರೆ ಎರಡನೇ ಮನೆಯವರಿಗೆ ಅದು ಭಾರ. ಬಡವರ ಮನೆ ಕರೆಯುವುದನ್ನೇ ಬಿಟ್ಟುಬಿಡುತ್ತದೆ, ಕಾರಣವನ್ನೂ ಹೇಳುವುದಿಲ್ಲ.

ಸತ್ಯವೇದದ ಹಳೆಯ ಅನುವಾದದ ಕನ್ನಡ ಚೆಂದ, ಆದರೆ ಹೊಸಬರಿಗೆ ಕಷ್ಟ. ಎರಡು ಸಲ ಓದಿ, ಆಮೇಲೆ ಅವರ ಮಾತಿನಲ್ಲಿ ಹೇಳಿ. ಇಲ್ಲವೇ ಅವರನ್ನೇ ಕೇಳಿ. ಒಮ್ಮೆ ಶಿರಹಟ್ಟಿ ಕಡೆಯ ಒಂದು ಮನೆಯಲ್ಲಿ ದೇವರನ್ನು ಕುರುಬ ಎಂದು ಕರೆಯುವ 23ನೇ ಕೀರ್ತನೆ ಓದಿದೆ. ಕುರುಬನ ಬಗ್ಗೆ ನಾನು ಸಿದ್ಧ ಮಾಡಿಕೊಂಡು ಹೋಗಿದ್ದನ್ನು ಹೇಳತೊಡಗಿದೆ. ಗೋಡೆಗೆ ಒರಗಿ ಕೂತಿದ್ದ ಅಜ್ಜಿಯೊಬ್ಬರು ನಡುವೆ ಬಾಯಿ ಹಾಕಿದರು. "ಹೊಲದಾಗ ಕುರಿ ತರುಬಿದಾಗ ಕುರಿ ಕಾಯಾಂವ ರಾತ್ರಿ ಮಲಗೂದಿಲ್ರಿ ತಮ್ಮಾ. ಕುರಿ ಮಲಗತಾವು, ಆಂವ ಬೆಂಕಿ ಹಚ್ಚಿಕೊಂಡು ಕುಂತಿರತಾನ. ತೋಳ ಬರತೈತಿ." ನಾನು ಪುಸ್ತಕ ಮುಚ್ಚಿದೆ. ಆ ದಿನದ ಪ್ರಸಂಗ ಮುಗಿದಿತ್ತು. ಮುಂದಿನ ವಾರ ಆ ಅಜ್ಜಿ ಇಬ್ಬರು ಸೊಸೆಯರನ್ನು ಕರೆದುಕೊಂಡು ಬಂದರು.

ಚಪ್ಪಲಿ ನೋಡಿ. ಕೂಟ ಬೆಳೆಯುತ್ತಿದೆಯೋ ಇಲ್ಲವೋ, ಓಣಿ ಸಹಿಸುತ್ತಿದೆಯೋ ಇಲ್ಲವೋ ಎನ್ನುವುದನ್ನು ಹೊಸ್ತಿಲ ಹೊರಗಿನ ಚಪ್ಪಲಿ ಹೇಳುತ್ತವೆ. ಸಾಲು ಪಕ್ಕದ ಮನೆಯ ಕಟ್ಟೆಗೆ ಹೋಯಿತು, ಬೈಕು ಅವರ ಬಾಗಿಲಿಗೆ ಅಡ್ಡ ನಿಂತಿತು ಎಂದರೆ ಜಗಳ ಹತ್ತಿರದಲ್ಲಿದೆ. ಒಬ್ಬ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಿ ಚಪ್ಪಲಿ ಒಳಗೆ ಇಡಿಸಿ, ಬೈಕು ದೂರ ನಿಲ್ಲಿಸಿ. ಹದಿನೈದು ಜನ ಆದರೆ ಎರಡು ಮನೆ ಮಾಡಿ. ಧ್ವನಿ ಏರಿಸಬೇಡಿ.

ರೋಗಿಗಳಿಗಾಗಿ ಪ್ರಾರ್ಥಿಸುವಾಗ: ಮಾತ್ರೆ ಬಿಡಿ ಎಂದು ಯಾವತ್ತೂ ಹೇಳಬೇಡಿ. ಬಿಪಿ, ಸಕ್ಕರೆ, ಫಿಟ್ಸ್, ಟಿಬಿ, ಯಾವ ಮಾತ್ರೆಯೂ ಆಗಲಿ. ಪ್ರಾರ್ಥಿಸಿ, ಮರುದಿನ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಕಿಮ್ಸ್‌ಗೆ ಜೊತೆಗೆ ಹೋಗಿ ಸಾಲಿನಲ್ಲಿ ನಿಲ್ಲಿ. ಮೈಮೇಲೆ ಏನೋ ಬಂದಿದೆ ಎಂದು ಕರೆತಂದವರಲ್ಲಿ ಎಷ್ಟೋ ಜನರಿಗೆ ಬೇಕಾಗಿರುವುದು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನ ವೈದ್ಯರು. ಕಟ್ಟಿಹಾಕುವುದು, ಹೊಡೆಯುವುದು, ಉಪವಾಸ ಕೆಡವುವುದು ಪಾಪ, ಅಪರಾಧವೂ ಹೌದು.

ಮಕ್ಕಳು, ಹೆಣ್ಣುಮಕ್ಕಳು: ತಂದೆತಾಯಿ ಒಪ್ಪದೆ ಯಾವ ಮಗುವನ್ನೂ ಕೂಟದಲ್ಲಿ ಕೂರಿಸಬೇಡಿ. ಮಗುವಿನ ಜೊತೆ ಒಬ್ಬರೇ ಇರಬೇಡಿ. ಹೆಣ್ಣುಮಕ್ಕಳು ಮಾತ್ರ ಇರುವ ಮನೆಗೆ ಹೆಂಡತಿ ಇಲ್ಲದೆ ಹೋಗಬೇಡಿ. ಇದಕ್ಕೆ ವಿನಾಯಿತಿ ಇಲ್ಲ.

## ಹಂತ 5: ಮೊದಲ ಕಾಣಿಕೆಯಿಂದಲೇ ಲೆಕ್ಕ

ಸಭೆ ದೊಡ್ಡದಾದ ಮೇಲೆ ಲೆಕ್ಕ ಬರೆಯೋಣ ಎನ್ನುವವರು ಎಂದೂ ಬರೆಯುವುದಿಲ್ಲ. ನಾನು ಕಂಡ ಒಳ್ಳೇ ಪದ್ಧತಿ ಇದು. ಆರಾಧನೆ ಮುಗಿದ ತಕ್ಷಣ, ಎಲ್ಲರೂ ಇನ್ನೂ ಅಲ್ಲೇ ಇರುವಾಗ, ಚಾಪೆಯ ಮೇಲೆ ಒಂದು ಟವೆಲ್ ಹಾಸಿ ಡಬ್ಬಿ ಸುರುವುತ್ತಾರೆ. ಇಬ್ಬರು ಎಣಿಸುತ್ತಾರೆ. ಇಬ್ಬರೂ ಪಾಸ್ಟರ್ ಕುಟುಂಬದವರಲ್ಲ. ಹತ್ತರ ನೋಟು ಎಷ್ಟು, ಇಪ್ಪತ್ತರದು ಎಷ್ಟು, ಚಿಲ್ಲರೆ ಎಷ್ಟು, ಒಂದೇ ಸಾಲಿನಲ್ಲಿ ಬರೆದು ಇಬ್ಬರೂ ಸಹಿ ಮಾಡುತ್ತಾರೆ. ಆಮೇಲೆ ಮೊತ್ತವನ್ನು ಗಟ್ಟಿಯಾಗಿ ಓದುತ್ತಾರೆ. ಐದು ನಿಮಿಷದ ಕೆಲಸ. ಪಾಸ್ಟರ್ ಆ ಟವೆಲ್ ಮುಟ್ಟುವುದೇ ಇಲ್ಲ.

ಈಗಿನ ದೊಡ್ಡ ತಪ್ಪು: ಪಾಸ್ಟರ್ ಸ್ವಂತ ನಂಬರಿನ ಫೋನ್‌ಪೇ ಕ್ಯೂಆರ್ ಗೋಡೆಗೆ ಅಂಟಿಸುವುದು. ಆ ಹಣ ಕಾಗದದ ಮೇಲೆ ನಿಮ್ಮ ಸ್ವಂತ ಆದಾಯ. ಸಭೆಯ ಹೆಸರಿನ ಖಾತೆ ಆಗುವವರೆಗೆ ಕಳಿಸಿದ ಸಭೆಯ ಖಾತೆಗೆ ಹಾಕಿ ರಸೀದಿ ತೆಗೆದುಕೊಳ್ಳಿ.

ವಿದೇಶದ ಹಣ: ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಕೇಂದ್ರದ ಮುಂಗಡ ಅನುಮತಿ ಇಲ್ಲದೆ ಸಭೆಗಾಗಿ ಒಂದು ಡಾಲರ್ ಕೂಡ ಪಡೆಯಬಾರದು. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಅವಧಿಯಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚು ಮಾಡಿರಬೇಕು. ಹಣ ಬರುವುದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ ಮಾತ್ರ. ದುಬೈನಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟೇ ಇರುವ ತಮ್ಮ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅದೇ ತಮ್ಮ ಬೇರೆ ದೇಶದ ಪ್ರಜೆ ಆಗಿದ್ದರೆ ಅದು ವಿದೇಶಿ ದೇಣಿಗೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೇ ಜನ ತೊಂದರೆಗೆ ಸಿಕ್ಕಿದ್ದಾರೆ.

## ಹಂತ 6: ನೋಂದಣಿ

ನಾಲ್ಕೈದು ಕುಟುಂಬ ಒಂದು ವರ್ಷ ಬಿಡದೆ ಬಂದ ಮೇಲೆ ಈ ಹಂತಕ್ಕೆ ಬನ್ನಿ. ಎರಡು ದಾರಿ ಇವೆ. ಒಂದು, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಸಂಘ. ಕನಿಷ್ಠ ಏಳು ಜನ ಬೇಕು, ಜಿಲ್ಲೆಯ ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲಿ ಆಗುತ್ತದೆ. ಎರಡು, ಉಪನೋಂದಣಿ ಕಚೇರಿಯಲ್ಲಿ ಟ್ರಸ್ಟ್ ಪತ್ರ.

ಟ್ರಸ್ಟ್ ಬೇಗ ಆಗುತ್ತದೆ, ತಲೆನೋವು ಕಡಿಮೆ. ಅದಕ್ಕೇ ಹೆಚ್ಚಿನವರು ಅದನ್ನೇ ಮಾಡುತ್ತಾರೆ. ನನಗೆ ಸಂಘವೇ ಮೇಲು ಅನಿಸುತ್ತದೆ. ಪ್ರತಿ ವರ್ಷ ಸದಸ್ಯರ ಸಭೆ ಕರೆಯಬೇಕು, ಲೆಕ್ಕ ಓದಬೇಕು, ಪದಾಧಿಕಾರಿಗಳ ಪಟ್ಟಿ ಕೊಡಬೇಕು. ಆ ತಲೆನೋವೇ ನಿಮ್ಮನ್ನು ಕಾಯುತ್ತದೆ. ಯಾವುದನ್ನೇ ಮಾಡಿ, ಹೆಂಡತಿ, ಅಣ್ಣ, ಅಳಿಯ, ಷಡ್ಡಕ ಇವರನ್ನೇ ಸೇರಿಸಿ ಪಟ್ಟಿ ತುಂಬಿಸಬೇಡಿ. ಅಂಥ ಸಭೆ ಮುಂದೆ ಆಸ್ತಿ ಪಾಲಿನ ಜಗಳದಲ್ಲಿ ಕೋರ್ಟ್ ಮೆಟ್ಟಿಲು ಹತ್ತುತ್ತದೆ.

ನೋಂದಣಿ ಆದ ಕೂಡಲೇ ಸಂಘದ ಹೆಸರಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಎರಡು ಸಹಿಯ ಚೆಕ್. ಆಮೇಲೆ ಒಬ್ಬ ಲೆಕ್ಕ ಪರಿಶೋಧಕರ ಮೂಲಕ ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ. "80ಜಿ ರಸೀದಿ (ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ ರಸೀದಿ) ಕೊಡುತ್ತೇವೆ" ಎಂದು ಯಾರಿಗೂ ಮಾತು ಕೊಡಬೇಡಿ. ಒಂದೇ ಧರ್ಮದವರ ಆರಾಧನೆಗಾಗಿ ಇರುವ ಸಂಸ್ಥೆಗೆ ಆ ವಿನಾಯಿತಿ ಸಿಗುವುದಿಲ್ಲ.

## ಹಂತ 7: ದೀಕ್ಷಾಸ್ನಾನ, ಮದುವೆ, ಮಣ್ಣು

ಈ ಮೂರಕ್ಕೂ ಅದು ಎದುರಾದ ದಿನ ಓಡಾಡಬಾರದು. ಮುಂಚೆಯೇ ತಯಾರಿ ಬೇಕು.

ದೀಕ್ಷಾಸ್ನಾನ. ನಂಬಿಕೆ ಆರಿಸಿಕೊಳ್ಳುವ, ನಡೆಸುವ, ಹೇಳುವ ಹಕ್ಕು ಸಂವಿಧಾನದ 25ನೇ ವಿಧಿಯಲ್ಲಿದೆ. ಜೊತೆಗೆ ನಮ್ಮ ರಾಜ್ಯದಲ್ಲಿ 2022ರಲ್ಲಿ ಒಂದು ಕಾಯ್ದೆ ಬಂತು. ಬಲವಂತ, ಮೋಸ, ಆಮಿಷ, ಮದುವೆಯ ಭರವಸೆಯಿಂದ ಮತಾಂತರ ಮಾಡಿಸುವುದು ಅದರ ಪ್ರಕಾರ ಅಪರಾಧ. ಮತ ಬದಲಿಸುವವರೂ ಮಾಡಿಸುವವರೂ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದು ಅದು ಹೇಳಿತು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿತು. ತೀರ್ಮಾನದ ಸುದ್ದಿ ಓದಿ "ಕಾಯ್ದೆ ಹೋಯಿತು" ಎಂದುಕೊಂಡು ನೀರಿಗೆ ಇಳಿಯಬೇಡಿ. ಪ್ರತಿ ದೀಕ್ಷಾಸ್ನಾನಕ್ಕೆ ಮುಂಚೆ ವಕೀಲರ ಹತ್ತಿರ ಆ ದಿನದ ನಿಯಮ ಕೇಳಿ, ಅದರ ಪ್ರಕಾರ ನಡೆಯಿರಿ.

ಕಾಯ್ದೆ ಇರಲಿ, ಬಿಡಲಿ, ಆಮಿಷ ಬೇಡ. ಅಕ್ಕಿ ಚೀಲ, ಸೀರೆ, ಸ್ಕೂಲ್ ಫೀ, ಕೆಲಸ ಇವನ್ನು ಪ್ರಾರ್ಥನೆಯ ಜೊತೆ ಎಂದೂ ಸೇರಿಸಬೇಡಿ. ಸಹಾಯ ಮಾಡುವುದಾದರೆ ಸಭೆಗೆ ಬರದ ಪಕ್ಕದ ಮನೆಗೂ ಮಾಡಿ. ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಲೇಬೇಕು: ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಮೀಸಲಾತಿ ಉಳಿಯುವುದಿಲ್ಲ. ಮಗಳ ಕಾಲೇಜು ಸೀಟು, ಮಗನ ನೌಕರಿ ಇದರ ಮೇಲೆ ನಿಂತಿರಬಹುದು. ಮೊದಲೇ ಹೇಳಿ, ಮನೆಯವರೆಲ್ಲ ಕೂತು ಯೋಚಿಸಲಿ. ಇದನ್ನು ಮುಚ್ಚಿಟ್ಟು ಕೊಟ್ಟ ದೀಕ್ಷಾಸ್ನಾನ ಮೋಸ ಎಂದೇ ನಾನು ಹೇಳುತ್ತೇನೆ.

ಮದುವೆ. ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ 1872ರ ಪ್ರಕಾರ ಎಲ್ಲ ಪಾಸ್ಟರ್‌ಗಳಿಗೂ ಮದುವೆ ಮಾಡಿಸುವ ಅಧಿಕಾರ ಇಲ್ಲ. ಸ್ವತಂತ್ರ ಸಭೆಯವರಿಗೆ ಸರ್ಕಾರದ ಪರವಾನಗಿ ಬೇಕು. ಅಧಿಕಾರ ಇಲ್ಲದೆ ಮಾಡಿಸಿದರೆ ಹತ್ತು ವರ್ಷದವರೆಗೆ ಶಿಕ್ಷೆ ಇದೆ. ಪರವಾನಗಿ ಸಿಗುವವರೆಗೆ ಪರವಾನಗಿ ಇರುವ ಪಾಲಕರನ್ನು ಕರೆಸಿ. ಇಲ್ಲವೇ 1954ರ ವಿಶೇಷ ವಿವಾಹ ಕಾಯ್ದೆಯ ಕೆಳಗೆ 30 ದಿನದ ನೋಟಿಸ್ ಕೊಟ್ಟು ನೋಂದಣಿ ಮಾಡಿಸಿ, ಆಮೇಲೆ ಸಭೆಯಲ್ಲಿ ಪ್ರಾರ್ಥಿಸಿ ಆಶೀರ್ವದಿಸಿ.

ಮಣ್ಣು. ನಮ್ಮ ಮೊದಲ ಸಭೆಯಲ್ಲಿ ಒಬ್ಬ ಹಿರಿಯರು ರಾತ್ರಿ ಎರಡು ಗಂಟೆಗೆ ತೀರಿಕೊಂಡರು. ಎಲ್ಲಿ ಮಣ್ಣು ಮಾಡಬೇಕು ಎಂದು ನನ್ನನ್ನು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳಿಗ್ಗೆ ಎಂಟರಿಂದ ಒಂದು ಕಚೇರಿಯಿಂದ ಇನ್ನೊಂದಕ್ಕೆ, ಒಂದು ಸಭೆಯಿಂದ ಇನ್ನೊಂದಕ್ಕೆ ಅಲೆದೆ. ಮಧ್ಯಾಹ್ನ ಮೂರಕ್ಕೆ ಜಾಗ ಸಿಕ್ಕಿತು. ಅಲ್ಲಿಯವರೆಗೆ ಆ ಮನೆಯವರು ಹೆಣದ ಮುಂದೆ ಕೂತಿದ್ದರು. ಬಂಧುಗಳೆಲ್ಲ ನನ್ನ ಮುಖ ನೋಡುತ್ತಿದ್ದರು. ಆ ನೋಟ ಇನ್ನೂ ಮರೆತಿಲ್ಲ.

ಮೊದಲ ದೀಕ್ಷಾಸ್ನಾನಕ್ಕಿಂತ ಮುಂಚೆ ಈ ಕೆಲಸ ಮುಗಿಸಿ. ಹತ್ತಿರದ ಹಳೆಯ ಸಭೆಯ ಸ್ಮಶಾನ ಸಮಿತಿಯವರನ್ನು ಕಂಡು, ಕಳಿಸಿದ ಸಭೆಯ ಪತ್ರ ತೋರಿಸಿ, ನಿಮ್ಮವರಿಗೆ ಜಾಗ ಕೊಡುತ್ತಾರೆಯೇ, ಎಷ್ಟು ಕಟ್ಟಬೇಕು, ಏನೇನು ಕಾಗದ ಬೇಕು ಎಂದು ಕೇಳಿ ಬರೆದುಕೊಳ್ಳಿ. ಹಳ್ಳಿಯಲ್ಲಾದರೆ ಪಂಚಾಯಿತಿ ಮತ್ತು ತಹಶೀಲ್ದಾರ್ ಕಚೇರಿ. ಉತ್ತರ ಬಾಯಿಮಾತಿನಲ್ಲಿ ಬಂದರೆ ಸಾಲದು, ಲಿಖಿತವಾಗಿ ಕೇಳಿ.

## ಹಂತ 8: ಈಗ ಹಾಲ್, ಮೈಕ್, ಬೋರ್ಡ್

ಬಾಡಿಗೆ ತಿಂಗಳ ಸರಾಸರಿ ಕಾಣಿಕೆಯ ಮೂರನೇ ಒಂದು ಭಾಗ ಮೀರಬಾರದು. ಇದು ನನ್ನ ಲೆಕ್ಕ, ಇಲ್ಲಿಯವರೆಗೆ ಕೈಕೊಟ್ಟಿಲ್ಲ. ಬಾಂಡ್ ಪೇಪರಿನ ಕರಾರಿನಲ್ಲಿ "ಪ್ರಾರ್ಥನಾ ಸಭೆಗಾಗಿ" ಎಂದು ಸ್ಪಷ್ಟವಾಗಿ ಬರೆಸಿ. "ಟ್ಯೂಷನ್ ಕ್ಲಾಸ್" ಎಂದು ಬರೆಸಿ ಒಳಗೆ ಆರಾಧನೆ ಮಾಡುವ ಸಭೆ ಸುಳ್ಳಿನ ಮೇಲೆ ನಿಂತಿರುತ್ತದೆ, ಮೊದಲ ದೂರಿಗೇ ಕುಸಿಯುತ್ತದೆ. ಆ ಕಟ್ಟಡವನ್ನು ಆರಾಧನೆಗೆ ಬಳಸಲು ಏನು ಬೇಕು ಎಂದು ಪಾಲಿಕೆ ಅಥವಾ ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟು ಕೇಳಿ, ಸ್ವೀಕೃತಿ ಇಟ್ಟುಕೊಳ್ಳಿ.

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಚ್ಚುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ಅಂದರೆ ಹೆಚ್ಚುಕಡಿಮೆ ನಾಲ್ಕು ಜನ ಕೂತು ಮಾತಾಡುವಷ್ಟು. ಐವತ್ತು ಜನರ ಹಾಲ್‌ಗೆ ಮೈಕೇ ಬೇಡ. ಗಂಟಲು ಸಾಕು.

ಬೋರ್ಡ್ ಕೊನೆಗೆ. ಹಾಲ್ ಶುರುವಾಗಿ ಮೂರು ತಿಂಗಳು ಕಳೆಯಲಿ, ಅಕ್ಕಪಕ್ಕದ ಹತ್ತು ಮನೆಯವರು ನಿಮ್ಮನ್ನು ಹೆಸರು ಹಿಡಿದು ಮಾತಾಡಿಸುವಂತಾಗಲಿ.

ಜಾಗ ಕೊಳ್ಳುವ ಆಸೆ ಬಂದರೆ: ಊರ ಹೊರಗೆ ಗುಂಟೆ ಲೆಕ್ಕದಲ್ಲಿ ಬಾಂಡ್ ಪೇಪರ್ ಮೇಲೆ ಮಾರುವ ಹೊಲದ ತುಂಡು ಕೊಳ್ಳಬೇಡಿ. ಜಾಗ ಎನ್‌ಎ (ಕೃಷಿಯೇತರ) ಆಗಿರಬೇಕು. ಊರೊಳಗಾದರೆ ಸಿಟಿಎಸ್ ಉತಾರ (ನಗರ ಸರ್ವೆಯ ದಾಖಲೆ), ಪಂಚಾಯಿತಿಯಲ್ಲಾದರೆ ಇ-ಸ್ವತ್ತು ದಾಖಲೆ, ಜೊತೆಗೆ ಋಣಭಾರ ಪತ್ರ. ಖರೀದಿ ಸಂಘದ ಹೆಸರಲ್ಲಿ ಆಗಲಿ, ಪಾಸ್ಟರ್ ಹೆಸರಲ್ಲಿ ಬೇಡ.

ಗಲಾಟೆ ಬಂದರೆ: ಬಾಗಿಲಲ್ಲಿ ಗುಂಪು ಸೇರಿದರೆ ವಾದ ಮಾಡಬೇಡಿ, ವಿಡಿಯೊ ಹಾಕಬೇಡಿ. ಒಬ್ಬರು 112ಕ್ಕೆ ಫೋನ್ ಮಾಡಲಿ. ಹೆಣ್ಣುಮಕ್ಕಳನ್ನು, ಮಕ್ಕಳನ್ನು ಹೊರಗೆ ನೂಕದೆ ಒಳಗೇ ಸುರಕ್ಷಿತವಾಗಿ ಕೂರಿಸಿ. ಪೊಲೀಸರು ಬಂದಾಗ ನೋಂದಣಿ ಪತ್ರ, ಬಾಡಿಗೆ ಕರಾರು, ಲೆಕ್ಕದ ಪುಸ್ತಕ ಮೂರನ್ನೂ ತೋರಿಸಿ. ಅದಕ್ಕೇ ಅವುಗಳ ಜೆರಾಕ್ಸ್ ಯಾವಾಗಲೂ ಹಾಲ್‌ನಲ್ಲೇ ಇರಬೇಕು. ಮರುದಿನ ದೂರನ್ನೋ ಹೇಳಿಕೆಯನ್ನೋ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಗುಂಪಿನಲ್ಲಿ ಓಣಿಯವರು ಯಾರಾದರೂ ಇದ್ದರೆ ವಾರ ಬಿಟ್ಟು ಅವರ ಮನೆಗೆ ಹೋಗಿ. ನಮ್ಮಲ್ಲಿ ಒಬ್ಬರ ಸಿಟ್ಟಿಗೆ ಕಾರಣ ಅವರ ಗೇಟಿಗೆ ಅಡ್ಡ ನಿಂತ ಬೈಕು ಮಾತ್ರ ಆಗಿತ್ತು.

## ಹಂತ 9: ಹಿರಿಯರನ್ನು ನಿಲ್ಲಿಸಿ, ಒಂದು ಭಾನುವಾರ ಊರು ಬಿಡಿ

ಪೌಲ, ಬಾರ್ನಬರು ತಾವು ಕಟ್ಟಿದ ಸಭೆಗಳಿಗೆ ಹಿಂತಿರುಗಿ ಬಂದು ಪ್ರತಿ ಸಭೆಯಲ್ಲೂ ಹಿರಿಯರನ್ನು ನೇಮಿಸಿದರು. ನೀವೂ ಎರಡನೇ ವರ್ಷ ಮುಗಿಯುವ ಮುಂಚೆ ಕನಿಷ್ಠ ಇಬ್ಬರನ್ನು ನಿಲ್ಲಿಸಿ. ಹೊಸದಾಗಿ ನಂಬಿದವರನ್ನು ಅವಸರಕ್ಕೆ ಹಿರಿಯರನ್ನಾಗಿ ಮಾಡಬೇಡಿ. ಜಾಸ್ತಿ ಕಾಣಿಕೆ ಕೊಡುವವರು ಅನ್ನುವ ಕಾರಣಕ್ಕೂ ಬೇಡ. ಯಾರ ಮನೆಯಲ್ಲಿ ಕಾಯಿಲೆ ಎಂದರೆ ಹೇಳದೆ ಹೋಗಿ ಕೂರುವವರು ಯಾರು ಎಂದು ನೋಡಿ. ಹೆಣ್ಣುಮಕ್ಕಳಲ್ಲಿ ಅಂಥವರು ಹೆಚ್ಚು. ಅವರಿಗೂ ಜವಾಬ್ದಾರಿ ಕೊಡಿ, ಅವರ ಮಾತೂ ಕೇಳಿ.

ಆಮೇಲೆ ಒಂದು ಭಾನುವಾರ ಹೆಂಡತಿ ಮಕ್ಕಳ ಜೊತೆ ಬೇರೆ ಊರಿಗೆ ಹೋಗಿ. ಫೋನ್ ಆಫ್ ಮಾಡಿ. ಸೋಮವಾರ ಬಂದು ಲೆಕ್ಕದ ಪುಸ್ತಕ ತೆರೆಯಿರಿ. ಆ ಭಾನುವಾರದ ಸಾಲು ಖಾಲಿ ಇದ್ದರೆ ಹಂತ 4ಕ್ಕೆ ಹಿಂತಿರುಗಿ, ಮತ್ತೆ ಮನೆಗಳಲ್ಲಿ ಕೂರಲು ಶುರು ಮಾಡಿ. ಹತ್ತರ ನೋಟು ಇಷ್ಟು, ಇಪ್ಪತ್ತರದು ಇಷ್ಟು, ಕೆಳಗೆ ಎರಡು ಸಹಿ ಎಂದು ಇದ್ದರೆ, ಆ ಇಬ್ಬರನ್ನು ಊಟಕ್ಕೆ ಕರೆಯಿರಿ. ಮುಂದಿನ ಓಣಿ ಯಾವುದು ಎಂದು ಈ ಸಲ ಅವರನ್ನೇ ಕೇಳಿ.